ಮೂಲ್ಯಾಗಿನ ಮಸುಕು

ಹದಿನೇಳು ವರ್ಷ ಆಯ್ತು, ಹುಮನಾಬಾದ್ ಬಸ್‌ಸ್ಟ್ಯಾಂಡ್ ಎದುರು
ಮಂದಿ ಮಾರಿ ತಿದ್ದೋದೇ ನನ್ನ ಉದ್ಯೋಗ.
ಮಚ್ಚಿ ತೆಗಿ ಅಂದ್ರ ತೆಗದೀನಿ,
ಸತ್ತ ಅಪ್ಪನ್ನ ಮಗಳ ಮದುವಿ ಫೋಟೋದಾಗ ನಿಲ್ಲಿಸೀನಿ,
ಕೋಟಿಲ್ಲದವರಿಗೆ ಕೋಟು.

ಚಿಗರಿ ಮರಿ ಮಾತ್ರ ಬರವಲ್ದು.

ಮೊದಲ್ನೇ ಸಲ ನಿಂತೇ ಹೊಡದೆ.
ಮಡ್ಡಿ ಹುಲ್ಲಿನಾಗ ಯಾರೋ ಮರೆತು ಹೋದ ಗೋಣಿ ತುಂಡಿನಂಗ ಬಿತ್ತು.
ವಾಚರ್ ತುಳಜಪ್ಪ ಹಿಂದಿನಿಂದ ಇಣಿಕಿ
"ಚಿಗರಿ ಎಲ್ಲದ್ರಿ ಇದರಾಗ?" ಅಂದ.

ಎರಡನೇ ಸಲ ಹೊಟ್ಟಿ ಮ್ಯಾಲೆ ಮಲಗಿದೆ.
ಮರಿ ಕಣ್ಣು ಎಷ್ಟು ಎತ್ತರ ಅದನೋ ಅಷ್ಟಕ್ಕೇ ಇಳೀಬೇಕು ಲೆನ್ಸು:
ಒಂದು ಗೇಣು, ಮ್ಯಾಲೆ ನಾಕು ಬೆರಳು.
ಕೆಂಪು ಮೊರಮು ಮೊಣಕೈಗೆ ನಟ್ಟು ಕೂತಿತ್ತು.
ಮಂದಿಯಂಗ ಸುಮ್ನ ಕೂಡ್ತದ ಅಂತ
ಶಟರ್ ಇನ್ನೂರಕ್ಕೊಂದೇ ಇಟ್ಟಿದ್ದೆ.
ಒಂದು ನೊಣ ಕೂತಿತು, ಕಿವಿ ಝಾಡಿಸಿತು.
ಕಿವಿ ಇದ್ದ ಜಾಗದಾಗ ಬರೇ ಹೊಗಿ.

ಮೂರನೇ ಸಲ ಸಾವಿರದಾರ್ನೂರಕ್ಕೊಂದು.
ನಸುಕಿನ ಬೆಳಕು ಸಾಲಂಗಿಲ್ಲ, ಐಎಸ್ಒ ಏರಿಸಿದೆ.
ರವಾ ಚೆಲ್ಲಿದಂಗ ಕಾಳು ಕಾಳು ಬಂದ್ರ ಬರ್ಲಿ,
ಕಾಳು ಆರಿಸಬಹುದು,
ಹೊಗಿ ಹಿಡೀಲಾಕ ಬರಂಗಿಲ್ಲ.
ಫೋಕಸ್ಸು ಹುಲ್ಲಿನ ಕಡ್ಡಿಗೇ ಹೋಗಿ ಸಿಕ್ಕೊಳ್ತಿತ್ತು,
ಉಳಿದ ಚುಕ್ಕಿ ಎಲ್ಲಾ ಬಿಟ್ಟು ಒಂದೇ ಒಂದು
ಕಣ್ಣಿನ ಮ್ಯಾಲೆ ಕೂಡಿಸಿದೆ, ಈಬತ್ತಿ ಬೊಟ್ಟಿನಂಗ.
ಕ್ಯಾಮೆರಾದ ಕಟಕಟ ಸಪ್ಪಳ ಬಂದ್.

"ಐದು ನಿಮಿಷ ಅಷ್ಟೇ" ಅಂದಿದ್ದ ತುಳಜಪ್ಪ,
"ತಾಯಿ ನೋಡ್ಲಾಕ ಹತ್ತಿರ್ತದ. ನಮಗ ಕಾಣಂಗಿಲ್ಲ, ಅಷ್ಟೇ."
ನಾಕಕ್ಕೇ ಎದ್ದು ಬಂದೇವು.
ಹೈದ್ರಾಬಾದಿನ ಬಾಡಿಗಿ ಲೆನ್ಸು, ದಿನಕ್ಕ ಎರಡು ಸಾವಿರ,
ಆ ಐದನೇ ನಿಮಿಷ ನನಗ ಈಗೂ ನೆನಪಾಗ್ತದ.

ರಾತ್ರಿ ಅಂಗಡಿ ಶಟರ್ ಅರ್ಧ ಇಳಿಸಿ ಕಂಪ್ಯೂಟರ್ ಹಚ್ಚಿದೆ.
ಆಟೋ ಒತ್ತಿದ್ರ ಬೀದರ್ ಜಿಲ್ಲಾದ ಮಣ್ಣೇ ಬೆಳ್ಳಗಾಯ್ತು,
ಮರಿ ಯಾವ ಊರಿಂದೋ ಅನ್ನಂಗ.
ಕೆಂಪು ವಾಪಸ್ ತಂದೆ.
ನೆರಳು ತುಸು ಎತ್ತಿದೆ, ಹೊಟ್ಟಿ ಕೆಳಗಿನ ಬಿಳಿ ಕೂದಲು ಎದ್ದು ಬಂತು.
ಕಿವ್ಯಾಗ ಒಂದು ಉಣ್ಣಿ.
ಮಚ್ಚಿ ತೆಗದು ತೆಗದು ಪಳಗಿದ ಕೈ, ತೆಗದೇ ಬಿಡ್ತು.
ಮತ್ತ ಹಚ್ಚಿದೆ. ಅದರ ಹೊಟ್ಟಿಪಾಡು ಅದಕ್ಕ.

ಕಣ್ಣಾಗ ಸಣ್ಣ ಮಿಂಚು.
ಈ ಅಂಗಡಿ ಗಫಾರ್ ಚಾಚಾಂದು ಇದ್ದಾಗ
ನೆಗೆಟಿವ್ ಮ್ಯಾಲೆ ಸೀಸಕಡ್ಡಿ ಮೊನಿ ಮುಟ್ಟಿಸಿ ಚುಕ್ಕಿ ಇಡ್ತಿದ್ರು,
ಅಲ್ಲಿ ಕಪ್ಪಿಟ್ರ ಇಲ್ಲಿ ಬೆಳಕು.
ಇದಕ್ಕ ನಾ ಇಡೋದು ಏನೂ ಇದ್ದಿಲ್ಲ.

ಮ್ಯಾಲೆ ಎಡ ಮೂಲ್ಯಾಗ ಒಂದು ಕಂದು ಮಸುಕು.
ಲೆನ್ಸಿಗೆ ಬೆರಳು ಹತ್ತಿರಬೇಕು ಅಂದ್ಕೊಂಡೆ.
ಅಳಸ್ಲಾಕ ಬ್ರಷ್ ದೊಡ್ಡದು ಮಾಡಿದೆ,
ಚಿತ್ರ ಹತ್ರ ತಂದೆ. ನೂರು. ಇನ್ನೂರು.

ಎರಡು ಕಿವಿ.
ಎರಡೂ ನನ್ನ ಕಡಿಗೆ.

ಮರುದಿನ ಮುಂಜಾನಿ ಹಳ್ಳಿಖೇಡದಿಂದ ರೇಷ್ಮಾಬಿ ಬಂದ್ಳು.
ಆರು ತಿಂಗಳ ಕೂಸಿನ ಪಾಸ್‌ಪೋರ್ಟ್ ಫೋಟೋ,
ಅಪ್ಪ ದಮ್ಮಾಮ್‌ನಾಗ, ಇನ್ನೂ ನೋಡಿಲ್ಲ.
ಕೂಸು ಸ್ಟೂಲಿನ ಮ್ಯಾಲೆ ಕೂಡವಲ್ದು.
ಯಾವಾಗಿನಂಗ ತಾಯಿಗೆ ಬಿಳಿ ಚಾದರ ಹೊಚ್ಚಿ
ತೊಡಿ ಮ್ಯಾಲೆ ಕೂಡಿಸಿ ಹೊಡದೆ.
ಕೂಸಿನ ಕಂಕುಳಾಗ ಎರಡು ಬೆರಳು ಉಳಿದ್ವು,
ಮೆಹಂದಿ ಅರ್ಧ ಹೋದವು.

ಹಿಂಗ ಎಷ್ಟು ತಾಯಂದಿರನ್ನ ಅಳಿಸೀನೋ ಲೆಕ್ಕಿಲ್ಲ.

ಸರಕಾರದ ಕಾಗದಕ್ಕ ಬೆರಳು ನಡಿಯಂಗಿಲ್ಲ.
ಅಳಿಸಿದೆ. ಎಂಟು ಕಾಪಿ.
ಒಂಬತ್ತನೇದು ಅಳಸಲಾರದ್ದು,
ಸ್ವಲ್ಪ ದೊಡ್ಡದು ಮಾಡಿ ಕವರಿನ್ಯಾಗ ಸೇರಿಸಿದೆ.

"ಇದು ಕೆಟ್ಟಿದ್ದೇನ್ರಿ?" ಅಂದ್ಳು.
"ಹೌದು, ರೊಕ್ಕಿಲ್ಲ, ಒಯ್ರಿ" ಅಂದೆ.